ಅಕ್ಕನೂ ಅರಸನೂ

2025ರ ಜೂನ್ ತಿಂಗಳ ಒಂದು ಭಾನುವಾರ. ಬೆಳಗಿನ ಎರಡನೆಯ ಕಾಫಿ ಇನ್ನೂ ಕೈಸೇರಿರಲಿಲ್ಲ. ಅಷ್ಟರಲ್ಲಿ ಕೆನಡಾದಿಂದ ನನ್ನ ಅಕ್ಕನ ಫೋನು ಬಂದಿತು. ಅಕ್ಕ ಟೊರಾಂಟೊ ನಗರದ ಮಗ್ಗುಲಿನ ಮಿಸ್ಸಿಸಾಗದಲ್ಲಿ ಸಂಸಾರ ಹೂಡಿ ಆಗಲೇ ಹನ್ನೊಂದು ವರ್ಷಗಳಾಗಿದ್ದುವು. ಮೈಸೂರಿನಲ್ಲಿ ಭಾನುವಾರದ ಬೆಳಗಾದರೆ ಅಲ್ಲಿ ಶನಿವಾರದ ರಾತ್ರಿ. ಮಕ್ಕಳು ಮಲಗಿ ಮನೆ ನಿಶ್ಶಬ್ದವಾದ ಮೇಲೆ ತವರಿನೊಡನೆ ಮಾತನಾಡುವುದು ಅವಳ ವಾರದ ವಾಡಿಕೆ. ಸಾಮಾನ್ಯವಾಗಿ ಈ ಮಾತು ಹುಳಿಪುಡಿಯಿಂದ ಹೊರಟು ಅಮ್ಮನ ಮಂಡಿನೋವಿನಲ್ಲಿ ಮುಗಿಯುತ್ತದೆ. ಅಂದು ಮಾತ್ರ ಅದು ನೇರವಾಗಿ ರಾಜ್ಯಶಾಸ್ತ್ರಕ್ಕೆ ಹೊರಳಿತು.

“ಪೌರತ್ವದ ಪ್ರಮಾಣಕ್ಕೆ ಕರೆ ಬಂದಿದೆ ಕಣೋ. ಮುಂದಿನ ತಿಂಗಳು. ಯಾರಿಗೆ ನಿಷ್ಠೆಯಿಂದ ಇರುತ್ತೇನೆಂದು ಪ್ರಮಾಣ ಮಾಡಬೇಕು, ಗೊತ್ತೇನು? ಕೆನಡಾದ ರಾಜನಾದ ಮೂರನೆಯ ಚಾರ್ಲ್ಸನಿಗೆ, ಅವನ ವಾರಸುದಾರರಿಗೆ, ಉತ್ತರಾಧಿಕಾರಿಗಳಿಗೆ! ತಾತ ಇದ್ದಿದ್ದರೆ ಏನನ್ನುತ್ತಿದ್ದರೋ!”

ನಡುಮನೆಯಲ್ಲಿ ಪತ್ರಿಕೆ ಓದುತ್ತಿದ್ದ ಅಪ್ಪ ಅದನ್ನು ನಾಲ್ಕಾಗಿ ಮಡಿಸಿ ಬದಿಗಿಟ್ಟರು. ಅಪ್ಪ ಪತ್ರಿಕೆ ಮಡಿಸಿಟ್ಟರೆಂದರೆ ವಿಷಯ ಗಂಭೀರವೆಂದೇ ಅರ್ಥ.

“ಸತ್ಯಾಗ್ರಹ ಮಾಡಿ ಜೈಲಿಗೆ ಹೋದವರ ಮೊಮ್ಮಗಳು ಇಂಗ್ಲೆಂಡಿನ ದೊರೆಗೆ ನಿಷ್ಠೆಯ ಪ್ರಮಾಣ ಮಾಡುವುದೇ? ಇದು ಯಾವ ನ್ಯಾಯ?” ಎಂದರು.

ಅಮ್ಮ ಒಳಗಿನಿಂದಲೇ ಸಮಸ್ಯೆಯನ್ನು ಪರಿಹರಿಸಿಬಿಟ್ಟಳು. “ಬಾಯಲ್ಲಿ ಅವರು ಹೇಳಿಸಿದ್ದು ಹೇಳಿದರಾಯಿತು. ಮನಸ್ಸಿನಲ್ಲಿ ಚಾಮುಂಡಿಯನ್ನು ನೆನೆಸಿಕೊಳ್ಳಲಿ.”

ತಾತನವರ ವಿಷಯವನ್ನು ಹೇಳದಿದ್ದರೆ ಅಪ್ಪನ ಸಂಕಟ ವಾಚಕರಿಗೆ ಅರ್ಥವಾಗಲಾರದು. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದಿತಾದರೂ ಮೈಸೂರು ಸಂಸ್ಥಾನದಲ್ಲಿ ಆಡಳಿತದ ಸೂತ್ರ ಇನ್ನೂ ಅರಮನೆಯ ಮತ್ತು ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಕೈಯಲ್ಲೇ ಇದ್ದಿತು. ಜನರಿಗೆ ಉತ್ತರ ಹೇಳುವ ಜವಾಬ್ದಾರಿ ಸರ್ಕಾರ ಬೇಕೆಂದು ಸೆಪ್ಟೆಂಬರ್ ತಿಂಗಳಲ್ಲಿ ಮೈಸೂರು ಚಲೋ ಚಳವಳಿ ಆರಂಭವಾಯಿತು. ತಾತ ಆಗ ಹತ್ತೊಂಬತ್ತು ವರ್ಷದ ಇಂಟರ್‌ಮೀಡಿಯೆಟ್ ವಿದ್ಯಾರ್ಥಿ. ಪುಸ್ತಕಗಳನ್ನು ಸ್ನೇಹಿತನ ಕೈಗೆ ಕೊಟ್ಟು ಮೆರವಣಿಗೆ ಸೇರಿದವರು ಮೂರು ವಾರ ಸೆರೆಮನೆಯಲ್ಲಿದ್ದು ಬಂದರು. ಅಕ್ಟೋಬರ್ ತಿಂಗಳಲ್ಲಿ ಮಹಾರಾಜರು ಒಪ್ಪಿದರು, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು.

ಇಷ್ಟೇ ಆಗಿದ್ದರೆ ತಾತನವರ ಅಭಿಪ್ರಾಯವನ್ನು ಊಹಿಸುವುದು ಸುಲಭವಾಗಿತ್ತು. ಆದರೆ ನಡುಮನೆಯಲ್ಲಿ ಅವರ ಒರಗುಕುರ್ಚಿಯ ಮೇಲೆ, ಗೋಡೆಯಲ್ಲಿ, ಕೊನೆಯವರೆಗೂ ತೂಗುತ್ತಿದ್ದುದು ಜಯಚಾಮರಾಜ ಒಡೆಯರ ಭಾವಚಿತ್ರ! ಪ್ರತಿ ದಸರೆಗೂ ಅದರ ಗಾಜನ್ನು ತಾವೇ ಒರೆಸಿ ಹೂವಿನ ಹಾರ ಹಾಕುತ್ತಿದ್ದರು. ಸಂಸ್ಥಾನಗೀತೆಯಾದ ‘ಕಾಯೌ ಶ್ರೀಗೌರಿ’ಯನ್ನು ಸ್ನಾನದ ಮನೆಯಲ್ಲಿ ಹಾಡಿಕೊಳ್ಳುತ್ತಿದ್ದರು. ಹುಡುಗನಾಗಿದ್ದಾಗ ನಾನೊಮ್ಮೆ, “ನೀವು ಮಹಾರಾಜರ ಮೇಲೆ ಜಗಳ ಮಾಡಿ ಜೈಲಿಗೆ ಹೋದವರಲ್ಲವೇ ತಾತ?” ಎಂದು ಕೇಳಿದ್ದೆ. “ನಾವು ಕೇಳಿದ್ದು ಅಧಿಕಾರ ಕಣಪ್ಪ. ಅರಸರು ಬೇಡವೆಂದವರು ಯಾರು?” ಎಂದು ಅವರು ನಕ್ಕಿದ್ದರು. ಹಳೆಯ ಮೈಸೂರಿನವರಿಗೆ ಈ ಮಾತಿನಲ್ಲಿ ವಿರೋಧವೇನೂ ಕಾಣುವುದಿಲ್ಲ. ಉಳಿದವರಿಗೆ ವಿವರಿಸುವುದು ಕಷ್ಟ.

ಭಾವಚಿತ್ರದ ಕಡೆಗೆ ನಾನು ಬೆರಳು ತೋರಿದಾಗ ಅಪ್ಪ, “ಅದು ಬೇರೆ. ಅವರು ನಮ್ಮ ಊರಿನಲ್ಲಿದ್ದವರು, ನಮ್ಮ ಮಾತನಾಡಿದವರು, ನಮ್ಮ ಬೆಟ್ಟಕ್ಕೆ ಕೈಮುಗಿದವರು. ಲಂಡನ್ನಿನಲ್ಲಿರುವವನು ಕೆನಡಾದವರಿಗೆ ಅರಸನಾಗುವುದು ಹೇಗೆ? ಸ್ವತಂತ್ರರಾದ ಜನ ಅದನ್ನು ಸಹಿಸುವುದಾದರೂ ಹೇಗೆ?” ಎಂದರು. ಕಾಲೇಜಿನಲ್ಲಿ ಪಾಠ ಹೇಳುವ ಮಗ ಉತ್ತರ ಕೊಡಬೇಕೆಂಬ ನಿರೀಕ್ಷೆ ಅವರ ನೋಟದಲ್ಲಿದ್ದಿತು. ನನ್ನಲ್ಲಿ ಉತ್ತರವಿರಲಿಲ್ಲ. ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಮಾಡುವವನಿಗೆ ಕೆನಡಾದ ಸಿಂಹಾಸನದ ಗೊಡವೆ ಏಕೆ? ಆದರೂ ಅಕ್ಕನ ಪ್ರಶ್ನೆ ಬಿಡಲಿಲ್ಲ. ಮುಂದಿನ ಎರಡು ವಾರ ಕಾಲೇಜಿನ ಗ್ರಂಥಾಲಯದಲ್ಲಿ ನನಗೆ ಸಂಬಂಧವಿಲ್ಲದ ಕಪಾಟುಗಳ ಮುಂದೆ ನಿಂತೆ.

ಇಂಗ್ಲೆಂಡಿನ ಅರಸ ಇಂದಿಗೂ ಹದಿನೈದು ಸ್ವತಂತ್ರ ದೇಶಗಳಿಗೆ ಅರಸ. ಬ್ರಿಟನ್ನಿನ ಹೊರತಾಗಿ ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಜಮೈಕ ಮೊದಲಾದ ಹದಿನಾಲ್ಕು ದೇಶಗಳು ಈ ಗುಂಪಿನಲ್ಲಿವೆ. ಕಾನೂನಿನ ಕಣ್ಣಿಗೆ ಇವು ಹದಿನೈದು ಬೇರೆ ಬೇರೆ ಕಿರೀಟಗಳು; ತಲೆ ಮಾತ್ರ ಒಂದೇ. ಆದುದರಿಂದಲೇ ಅಕ್ಕನ ಪ್ರಮಾಣದಲ್ಲಿ ‘ಇಂಗ್ಲೆಂಡಿನ ರಾಜ’ ಎಂದಿಲ್ಲ, ‘ಕೆನಡಾದ ರಾಜ’ ಎಂದಿದೆ. ಕಾನೂನಿಗೆ ಇದು ಸಾಕು. ಮನಸ್ಸಿಗೆ ಸಾಕೇ?

ಇಲ್ಲಿ ನನಗೆ ನನ್ನ ವಿಷಯವಾದ ಭಾಷೆಯೇ ದಾರಿ ತೋರಿಸಿತು. ನಾವು ಯಾರು ಎಂದು ಕೇಳಿದರೆ ಕನ್ನಡಿಗರಾದ ನಮಗೆ ಉತ್ತರ ನಾಲಗೆಯ ಮೇಲೆಯೇ ಇದೆ. 1956ರ ನವೆಂಬರ್ 1ರಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡನ್ನು ಕೂಡಿಸಿದ್ದು ಭಾಷೆ. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಪಡೆದಾಗಲೂ ಆ ಹೆಸರಿನ ಬೆನ್ನಿಗಿದ್ದುದು ಭಾಷೆ. ಇಂಗ್ಲಿಷ್ ಆಡುವ ಕೆನಡಾದವನಿಗೆ ಈ ಸೌಕರ್ಯವಿಲ್ಲ. ನಯಾಗರ ನದಿಯ ಸೇತುವೆಯ ಮೇಲೆ ಹತ್ತು ನಿಮಿಷ ನಡೆದರೆ ಅವನು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿರುತ್ತಾನೆ. ಅಲ್ಲಿಯೂ ಅದೇ ಭಾಷೆ, ಅದೇ ಪುಸ್ತಕ, ಅದೇ ಸಿನಿಮಾ, ಅದೇ ತಿಂಡಿ. ತನಗಿಂತ ಬಹಳ ದೊಡ್ಡವನಾದ, ತನ್ನ ಮಾತನ್ನೇ ಆಡುವ ನೆರೆಯವನ ಪಕ್ಕದಲ್ಲಿ ಕುಳಿತು, ‘ನಾನು ಅವನಲ್ಲ’ ಎಂದು ಹೇಳಬೇಕಾದರೆ ಏನನ್ನು ತೋರಿಸಬೇಕು? ಭಾಷೆಯಿಂದ ಬೇಲಿ ಹಾಕಲಾರದವನು ಬೇರೇನನ್ನಾದರೂ ನೆಡಬೇಕಲ್ಲವೇ? ಕೆನಡಾದವರು ನೆಟ್ಟ ಬೇಲಿಗಳಲ್ಲಿ ಅತ್ಯಂತ ಹಳೆಯದು ಈ ಕಿರೀಟ.

ಇದು ನನ್ನ ಕಲ್ಪನೆಯಲ್ಲ, ಚರಿತ್ರೆ. 1776ರಲ್ಲಿ ಅಮೆರಿಕದ ವಸಾಹತುಗಳು ಮೂರನೆಯ ಜಾರ್ಜ್ ದೊರೆಯನ್ನು ತಿರಸ್ಕರಿಸಿದುವು. ಆದರೆ ಅಲ್ಲಿನವರೆಲ್ಲರೂ ಅದಕ್ಕೆ ಒಪ್ಪಲಿಲ್ಲ. ಅರಸನಿಗೆ ನಿಷ್ಠರಾಗಿ ಉಳಿದ ಹತ್ತಾರು ಸಾವಿರ ಜನ ಯುದ್ಧ ಮುಗಿದ ಮೇಲೆ ಮನೆ ಮಠ ಕಳೆದುಕೊಂಡು ಉತ್ತರಕ್ಕೆ ಬಂದರು. ಅವರ ಸಲುವಾಗಿಯೇ 1784ರಲ್ಲಿ ನ್ಯೂ ಬ್ರನ್ಸ್‌ವಿಕ್ ಎಂಬ ಪ್ರಾಂತ ಹುಟ್ಟಿತು. ಅಕ್ಕ ಈಗ ವಾಸಿಸುವ ಆಂಟೇರಿಯೊ ಸೀಮೆಯಲ್ಲಿ ಇಂಗ್ಲಿಷ್ ಮಾತು ಬೇರೂರಿದ್ದರಲ್ಲಿಯೂ ಅವರ ಪಾಲು ದೊಡ್ಡದು. ಅಮೆರಿಕದವನು ಅರಸನನ್ನು ಬಿಟ್ಟು ಅಮೆರಿಕದವನಾದ. ಇಂಗ್ಲಿಷ್ ಆಡುವ ಕೆನಡಾದವನು ಅರಸನನ್ನು ಬಿಡದೆ ಕೆನಡಾದವನಾದ.

ಹಾಗೆಂದು ಅವರು ಇಂಗ್ಲೆಂಡಿನ ನೆರಳಿನಲ್ಲಿಯೇ ಕುಳಿತವರಲ್ಲ. ಕೆನಡಾದ ಪೌರನೆಂಬ ಕಾನೂನಿನ ಹೆಸರು ಅವರಿಗೆ ದೊರಕಿದ್ದು 1947ರ ಜನವರಿ 1ರಂದು. ಅಲ್ಲಿಯವರೆಗೆ ಅವರೆಲ್ಲ ಬ್ರಿಟಿಷ್ ಪ್ರಜೆಗಳು. ಬ್ರಿಟಿಷ್ ಧ್ವಜದ ಗುರುತುಳ್ಳ ಹಳೆಯ ಬಾವುಟವನ್ನು ಇಳಿಸಿ, ಪಾರ್ಲಿಮೆಂಟಿನಲ್ಲಿ ತಿಂಗಳುಗಟ್ಟಲೆ ಕಾದಾಡಿ, 1965ರ ಫೆಬ್ರವರಿ 15ರಂದು ಕೆಂಪು ಮೇಪಲ್ ಎಲೆಯ ಬಾವುಟವನ್ನು ಏರಿಸಿದರು. 1980ರಲ್ಲಿ ‘ಓ ಕೆನಡಾ’ ಅಧಿಕೃತ ರಾಷ್ಟ್ರಗೀತೆಯಾಯಿತು. 1880ರಲ್ಲಿ ಕ್ವಿಬೆಕ್ಕಿನ ಫ್ರೆಂಚರು ತಮ್ಮ ಹಬ್ಬಕ್ಕೆಂದು ಫ್ರೆಂಚಿನಲ್ಲಿ ರಚಿಸಿಕೊಂಡಿದ್ದ ಗೀತೆ ಅದು! 1982ರಲ್ಲಿ ತಮ್ಮ ಸಂವಿಧಾನವನ್ನು ತಾವೇ ತಿದ್ದಿಕೊಳ್ಳುವ ಹಕ್ಕನ್ನೂ ಲಂಡನ್ನಿನಿಂದ ತಂದುಕೊಂಡರು. ಒಂದೊಂದಾಗಿ ಎಲ್ಲವನ್ನೂ ಬದಲಿಸಿದವರು ಅರಸನನ್ನು ಮಾತ್ರ ಹಾಗೆಯೇ ಇರಿಸಿಕೊಂಡರು. ತೆಗೆಯುವುದೂ ಸುಲಭವಲ್ಲವೆನ್ನಿ, ಪಾರ್ಲಿಮೆಂಟಿನೊಡನೆ ಹತ್ತು ಪ್ರಾಂತಗಳೂ ಏಕಕಂಠದಿಂದ ಒಪ್ಪಬೇಕು. ಹತ್ತು ಮಂದಿ ದಾಯಾದಿಗಳು ಒಂದು ಮಾತಿಗೆ ಒಪ್ಪುವುದನ್ನು ನಾವು ಯಾವ ಮನೆಯಲ್ಲಿ ಕಂಡಿದ್ದೇವೆ?

ಅದೇ ದೇಶದ ಫ್ರೆಂಚ್ ಮಾತಿನವರನ್ನು ನೋಡಿದರೆ ಭಾಷೆಯ ಬೇಲಿ ಇನ್ನೂ ಸ್ಪಷ್ಟವಾಗುತ್ತದೆ. ವಿಕ್ಟೋರಿಯ ರಾಣಿಯ ಹುಟ್ಟುಹಬ್ಬವೆಂದು ಮೇ ತಿಂಗಳ ಒಂದು ಸೋಮವಾರ ಕೆನಡಾದ ಇತರ ಕಡೆಗಳಲ್ಲಿ ರಜೆಯಿದ್ದರೆ, ಕ್ವಿಬೆಕ್ ಪ್ರಾಂತದಲ್ಲಿ 2003ರಿಂದ ಅದೇ ದಿನ ದೇಶಭಕ್ತರ ದಿನ. 1837 ಮತ್ತು 1838ರಲ್ಲಿ ಬ್ರಿಟಿಷ್ ಆಡಳಿತದ ಮೇಲೆ ದಂಗೆಯೆದ್ದವರ ಸ್ಮರಣೆ ಅದು. ರಜೆ ಒಂದೇ, ಹಬ್ಬ ಎರಡು. 2022ರಲ್ಲಿ ಅಲ್ಲಿನ ಶಾಸನಸಭೆಗೆ ಆರಿಸಿಬಂದ ಮೂವರು ಸದಸ್ಯರು ರಾಜನ ಹೆಸರಿನಲ್ಲಿ ಪ್ರಮಾಣ ಮಾಡುವುದಿಲ್ಲವೆಂದು ಹಟ ಹಿಡಿದರು. ಅವರನ್ನು ಸಭಾಂಗಣದ ಬಾಗಿಲಿನಲ್ಲೇ ತಡೆಯಲಾಯಿತು. ಅದೇ ಡಿಸೆಂಬರ್ ತಿಂಗಳಲ್ಲಿ ಆ ಸಭೆ ಕಾನೂನನ್ನೇ ಬದಲಿಸಿ, ಶಾಸಕರಿಗೆ ರಾಜನ ಪ್ರಮಾಣ ಕಡ್ಡಾಯವಲ್ಲವೆಂದಿತು. ಫ್ರೆಂಚರಿಗೆ ತಮ್ಮದೇ ಮಾತು ಇದೆ. ಮಾತಿರುವವರಿಗೆ ಕಿರೀಟದ ಬೇಲಿ ಏಕೆ?

ಈ ಬೇಲಿ ಕೇವಲ ಹಳೆಯ ಕಟ್ಟಿಗೆಯೇನೋ ಎಂದುಕೊಳ್ಳುತ್ತಿರುವಾಗಲೇ ಅದಕ್ಕೆ ಚಿಗುರು ಬಂದ ಸಂದರ್ಭವೂ ಒದಗಿತು. 2024ರ ಕೊನೆಯಿಂದ ಅಮೆರಿಕದ ಟ್ರಂಪ್ ಅವರು ಕೆನಡಾ ತಮ್ಮ ದೇಶದ ಐವತ್ತೊಂದನೆಯ ರಾಜ್ಯವಾಗಲಿ ಎಂದು ಮತ್ತೆ ಮತ್ತೆ ಹೇಳತೊಡಗಿದರು. 2025ರ ಮೇ 27ರಂದು ಚಾರ್ಲ್ಸ್ ದೊರೆ ತಾನೇ ಒಟ್ಟಾವಕ್ಕೆ ಬಂದು, ಕೆನಡಾದ ಸಿಂಹಾಸನದಲ್ಲಿ ಕುಳಿತು, ಅಲ್ಲಿನ ಪಾರ್ಲಿಮೆಂಟಿನ ಅಧಿವೇಶನವನ್ನು ಉದ್ಘಾಟಿಸುವ ಭಾಷಣ ಓದಿದ. 1977ರ ನಂತರ ಅರಸೊತ್ತಿಗೆಯವರೇ ಈ ಭಾಷಣ ಓದಿದ್ದು ಅದೇ ಮೊದಲು. ಭಾಷಣವನ್ನು ಬರೆದುಕೊಟ್ಟಿದ್ದು ಅಲ್ಲಿನ ಮಂತ್ರಿಮಂಡಲ, ಓದಿದ್ದಷ್ಟೇ ಅರಸ. ಅಕ್ಕನ ಕಚೇರಿಯಲ್ಲಿ ಅರಸನ ಹೆಸರೆತ್ತಿದರೆ ಆಕಳಿಸುತ್ತಿದ್ದ ಒಬ್ಬಾಕೆ ಆ ದಿನ ಟೆಲಿವಿಷನ್ನಿನ ಮುಂದೆ ನಿಂತು ಕಣ್ಣೊರೆಸಿಕೊಂಡಳಂತೆ. ಆಕೆಗೆ ಕಂಡದ್ದು ಲಂಡನ್ನಿನ ಮುದುಕನಲ್ಲ, ತನ್ನ ಮನೆಯ ಕಾಂಪೌಂಡು ಗೋಡೆ.

ಗೋಡೆಯ ಆಚೆ ಯಾರಿದ್ದಾರೆಂಬುದರ ಮೇಲೆ ಗೋಡೆಯ ಬೆಲೆ. ಆಸ್ಟ್ರೇಲಿಯದ ಪಕ್ಕದಲ್ಲಿ ಇಂಗ್ಲಿಷ್ ಆಡುವ ದೈತ್ಯನಿಲ್ಲ. ಆದುದರಿಂದ ಅಲ್ಲಿ ಅರಸನ ಬಗ್ಗೆ ಹಟವೂ ಕಡಿಮೆ. 1975ರ ನವೆಂಬರ್ 11ರಂದು, ಚುನಾಯಿತ ಪ್ರಧಾನಿಯಾದ ಗಫ್ ವಿಟ್ಲಂ ಅವರನ್ನು ರಾಣಿಯ ಪ್ರತಿನಿಧಿಯಾದ ಗವರ್ನರ್ ಜನರಲ್ ವಜಾ ಮಾಡಿದ್ದನ್ನು ಆ ಜನ ಮರೆತಿಲ್ಲ. 1994ರಿಂದ ಅಲ್ಲಿ ಹೊಸ ಪೌರರ ಪ್ರತಿಜ್ಞೆಯಲ್ಲಿ ರಾಣಿಯ ಹೆಸರೂ ಇಲ್ಲ, ರಾಜನ ಹೆಸರೂ ಇಲ್ಲ. ಅಕ್ಕ ಮೆಲ್ಬರ್ನಿಗೆ ಹೋಗಿದ್ದರೆ ನಮ್ಮ ಮನೆಯಲ್ಲಿ ಈ ಜಿಜ್ಞಾಸೆಯೇ ಏಳುತ್ತಿರಲಿಲ್ಲ! ಆದರೂ 1999ರ ನವೆಂಬರ್ 6ರಂದು ಗಣರಾಜ್ಯವಾಗೋಣವೇ ಎಂದು ಜನಮತ ಕೇಳಿದಾಗ ನೂರಕ್ಕೆ ಸುಮಾರು 55 ಮಂದಿ ಬೇಡವೆಂದರು. ಅವರೆಲ್ಲ ರಾಜಭಕ್ತರೆಂದು ತಿಳಿಯಬೇಕಾಗಿಲ್ಲ. ರಾಷ್ಟ್ರಾಧ್ಯಕ್ಷನನ್ನು ಪಾರ್ಲಿಮೆಂಟು ಆರಿಸುವುದೆಂಬ ಏರ್ಪಾಡು ಅವರಲ್ಲಿ ಅನೇಕರಿಗೆ ಹಿಡಿಸಲಿಲ್ಲ, ತಾವೇ ಆರಿಸಬೇಕೆಂದರು. ಮನೆಯ ಯಜಮಾನನನ್ನು ಆರಿಸುವ ಬಗೆಯಲ್ಲಿ ಒಮ್ಮತವಾಗದೆ ದೂರದ ಯಜಮಾನನನ್ನೇ ಉಳಿಸಿಕೊಂಡಂತಾಯಿತು.

ಐರ್ಲೆಂಡಿನ ಕಥೆ ಇದಕ್ಕೆ ತೀರ ವಿರುದ್ಧ. ಅಲ್ಲಿನ ಬಹುಪಾಲು ಮನೆಗಳ ಮಾತು ಇಂಗ್ಲಿಷೇ. ಆದರೆ ಅವರು ಬೇಲಿ ಹಾಕಬೇಕಾಗಿದ್ದುದು ಇಂಗ್ಲೆಂಡಿನ ಎದುರಿಗೆ. ಎದುರುಮನೆಯವನ ಕಿರೀಟ ತಮ್ಮ ಬೇಲಿಯಾಗುವುದು ಹೇಗೆ? 1949ರ ಏಪ್ರಿಲ್ ತಿಂಗಳಲ್ಲಿ ಅವರು ಗಣರಾಜ್ಯವಾಗಿ ಕಾಮನ್‌ವೆಲ್ತನ್ನೂ ಬಿಟ್ಟು ನಡೆದರು. ಬಾರ್ಬಡೋಸ್ ದ್ವೀಪದವರಿಗೆ ಕಿರೀಟವೆಂದರೆ ಕಬ್ಬಿನ ತೋಟಗಳಲ್ಲಿ ದುಡಿದು ಸತ್ತ ಗುಲಾಮರ ನೆನಪು. 2021ರ ನವೆಂಬರ್ 30ರಂದು ಅವರೂ ರಾಣಿಯನ್ನು ಬೀಳ್ಕೊಟ್ಟರು. ಆದರೆ ಕಾಮನ್‌ವೆಲ್ತಿನಲ್ಲಿ ಉಳಿದರು. ಅರಸನನ್ನು ಬಿಟ್ಟು ಕೂಟದಲ್ಲಿ ಉಳಿಯುವ ಈ ಉಪಾಯವನ್ನು ಲೋಕಕ್ಕೆ ಮೊದಲು ತೋರಿಸಿದ್ದು ನಮ್ಮ ದೇಶ. ಸ್ವಾತಂತ್ರ್ಯ ಬಂದ ಮೇಲೂ, 1950ರ ಜನವರಿ 26ರವರೆಗೆ, ಆರನೆಯ ಜಾರ್ಜನೇ ಭಾರತದ ರಾಜನಾಗಿದ್ದನೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. 1949ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ನೆಹರೂ ಅವರು ಒಪ್ಪಿಸಿದ ಸೂತ್ರ ಇಷ್ಟೆ: ಭಾರತ ಗಣರಾಜ್ಯವಾಗುತ್ತದೆ, ಅದರ ನಿಷ್ಠೆ ಅರಸನಿಗಲ್ಲ, ಆದರೆ ಸ್ವತಂತ್ರ ದೇಶಗಳ ಈ ಕೂಟದ ಸಂಕೇತವಾಗಿ ಅವನನ್ನು ಮಾನ್ಯ ಮಾಡುತ್ತದೆ. ತಾತನವರ ಗೋಡೆಯ ಮೇಲಿನ ಭಾವಚಿತ್ರದ ಸೂತ್ರವೂ ಇದೇ ಅಲ್ಲವೇ!

ಇಷ್ಟು ಸಾಮಗ್ರಿ ಕೂಡಿದ ಮೇಲೆ ಅಧ್ಯಾಪಕನಾದವನು ಸುಮ್ಮನಿರುವುದುಂಟೇ? ಮುಂದಿನ ಭಾನುವಾರ ಅಕ್ಕನಿಗೆ ಅರ್ಧ ಗಂಟೆ ಪಾಠ ಮಾಡಿದೆ. ಕೊನೆಗೆ ಒಂದು ತೀರ್ಪನ್ನೂ ಉದಾಹರಿಸಿದೆ. ಐರ್ಲೆಂಡ್, ಜಮೈಕ, ಇಸ್ರೇಲ್ ಮೂಲದ ಮೂವರು ಇದೇ ಪ್ರಮಾಣವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗಿದ್ದರು. ಪ್ರಮಾಣದಲ್ಲಿ ಹೆಸರಿಸಿರುವುದು ವ್ಯಕ್ತಿಯನ್ನಲ್ಲ, ಆ ದೇಶದ ಪ್ರಜಾಪ್ರಭುತ್ವದ ವ್ಯವಸ್ಥೆಯನ್ನು. ಅರಸೊತ್ತಿಗೆ ಬೇಡವೆನ್ನುವ ಸ್ವಾತಂತ್ರ್ಯ ಪೌರನಿಗೆ ಇದ್ದೇ ಇದೆ ಎಂದು ಆಂಟೇರಿಯೊದ ಮೇಲ್ಮನವಿ ನ್ಯಾಯಾಲಯ 2014ರಲ್ಲಿ ತೀರ್ಮಾನಿಸಿತು. ಆ ಮೂವರಲ್ಲಿ ಒಬ್ಬ ಗಣಿತದ ಪ್ರಾಧ್ಯಾಪಕರು 2015ರಲ್ಲಿ ಪ್ರಮಾಣವನ್ನು ಪೂರ್ತಿ ಹೇಳಿ ಪೌರರಾಗಿ, ಆ ಕೂಡಲೆ ರಾಣಿಯ ಭಾಗವನ್ನು ಹಿಂದಕ್ಕೆ ಪಡೆದೆನೆಂದು ಅಲ್ಲಿಯೇ ತಿಳಿಸಿದರು. ಅವರ ಪೌರತ್ವಕ್ಕೆ ಕುಂದು ಬರಲಿಲ್ಲ. “ಅಮ್ಮ ಹೇಳಿದ ಉಪಾಯವನ್ನೇ ನ್ಯಾಯಾಲಯವೂ ಹೇಳಿದಂತಾಯಿತು” ಎಂದು ಮುಗಿಸಿ, ಮೆಚ್ಚುಗೆಗಾಗಿ ಕಾದೆ.

ಅಕ್ಕ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

“ನೀನು ಹೇಳಿದ್ದೆಲ್ಲ ಸರಿ ಕಣೋ. ಅರಸನ ಚಿಂತೆ ನನಗೆ ಅಷ್ಟಾಗಿ ಇಲ್ಲ. ತಾತನ ಹೆಸರು ಸುಮ್ಮನೆ ನೆವಕ್ಕೆ ಹೇಳಿದೆ. ಅಲ್ಲಿ ಆ ಮಾತು ಹೇಳಿದ ಗಳಿಗೆಯಿಂದ ನಾನು ಭಾರತದ ಪ್ರಜೆಯಲ್ಲ. ನಮ್ಮ ಕಾನೂನಿನಲ್ಲಿ ಎರಡು ಪೌರತ್ವ ಇಲ್ಲವಲ್ಲ. ಪಾಸ್‌ಪೋರ್ಟನ್ನು ಒಪ್ಪಿಸಬೇಕು, ರದ್ದಾಯಿತೆಂದು ಗುರುತು ಹಾಕಿ ಹಿಂದಕ್ಕೆ ಕೊಡುತ್ತಾರೆ. ಆಮೇಲೆ ಸಾಗರೋತ್ತರ ಭಾರತೀಯಳೆಂಬ ಒಂದು ಕಾರ್ಡು ಮಾಡಿಸಿಕೊಳ್ಳಬಹುದು. ಬಂದು ಹೋಗಬಹುದು. ಮತ ಹಾಕುವಂತಿಲ್ಲ, ಒಂದು ಗುಂಟೆ ಹೊಲ ಕೊಳ್ಳುವಂತಿಲ್ಲ. ಇಷ್ಟು ವರ್ಷ ನಾನು ಹೊರಗಿದ್ದೆ, ಅಷ್ಟೆ. ಇನ್ನು ಮೇಲೆ ಹೊರಗಿನವಳು.”

ನನ್ನ ಎರಡು ವಾರದ ವ್ಯಾಸಂಗದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಸೇರುವ ಮನೆಯ ಹೊಸಿಲಿನ ಬಗ್ಗೆ ನಾನು ಅಷ್ಟು ಓದಿದ್ದೆ. ಬಿಡುವ ಮನೆಯ ಹೊಸಿಲನ್ನು ನೋಡಿಯೇ ಇರಲಿಲ್ಲ.

ಅಪ್ಪ ಕೈಚಾಚಿ ಫೋನನ್ನು ತೆಗೆದುಕೊಂಡರು. ಅವರು ಕೋಪದಿಂದ ಮಾತನಾಡಬಹುದೆಂದು ನಾನು ಹೆದರಿದೆ. ಆದರೆ ಅವರ ದನಿ ಮೆತ್ತಗಿತ್ತು. “ನೋಡಮ್ಮ, ವಾರವೆಲ್ಲ ನಾನೂ ಯೋಚನೆ ಮಾಡಿದೆ. ಹನ್ನೊಂದು ವರ್ಷದಿಂದ ಅಲ್ಲಿ ತೆರಿಗೆ ಕಟ್ಟುತ್ತಿದ್ದೀಯೆ. ಮಕ್ಕಳು ಅಲ್ಲಿಯ ಶಾಲೆಗೆ ಹೋಗುತ್ತಿವೆ. ಆ ಊರಿನ ಆಡಳಿತದಲ್ಲಿ ನಿನ್ನದೊಂದು ಮಾತು ಇಲ್ಲವಲ್ಲ! ನಿಮ್ಮ ತಾತ ಜೈಲಿಗೆ ಹೋದದ್ದು ಅರಸರನ್ನು ಬೇಡವೆನ್ನುವುದಕ್ಕಲ್ಲ. ಆಳುವವರು ತನಗೂ ಉತ್ತರ ಹೇಳಬೇಕು ಎಂದು. ಹೋಗಿ ಪ್ರಮಾಣ ಮಾಡು. ಮುಂದಿನ ಚುನಾವಣೆಯಲ್ಲಿ ತಪ್ಪದೆ ಮತ ಹಾಕು.” ಆ ಮೇಲೆ ಅವರು ಪತ್ರಿಕೆಯನ್ನು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದುಕೊಂಡರು. ಬಹಳ ಹೊತ್ತು ಪುಟ ತಿರುವಲಿಲ್ಲ.

ಜುಲೈ ತಿಂಗಳಲ್ಲಿ ಅಕ್ಕ ಪ್ರಮಾಣ ಮಾಡಿದಳು. ದೊಡ್ಡದೊಂದು ಸಭಾಂಗಣ, ನೂರರ ಹತ್ತಿರ ಜನ. ಇಂಗ್ಲಿಷಿನಲ್ಲಿ ಒಮ್ಮೆ, ಫ್ರೆಂಚಿನಲ್ಲಿ ಒಮ್ಮೆ ಎಲ್ಲರೂ ಬಲಗೈ ಎತ್ತಿ ಹೇಳಿದರಂತೆ. 2021ರಿಂದ ಆ ಪ್ರಮಾಣದಲ್ಲಿ ನೆಲದ ಮೂಲನಿವಾಸಿಗಳ ಹಕ್ಕುಗಳನ್ನೂ ಅವರೊಡನೆ ಆದ ಒಪ್ಪಂದಗಳನ್ನೂ ಗೌರವಿಸುವ ಮಾತು ಸೇರಿದೆ. ಅದನ್ನು ಹೇಳುವಾಗ ತನ್ನ ದನಿ ತಾನಾಗಿಯೇ ಗಟ್ಟಿಯಾಯಿತೆಂದಳು. ಅರಸನ ಹೆಸರು ಬಂದಾಗ ಪಕ್ಕದಲ್ಲಿದ್ದ ಐರ್ಲೆಂಡಿನ ಮುದುಕರೊಬ್ಬರಿಗೆ ಸರಿಯಾಗಿ ಅದೇ ಹೊತ್ತಿಗೆ ಕೆಮ್ಮು ಬಂದಿತಂತೆ. “ನೀನು?” ಎಂದು ಕೇಳಿದೆ. “ನಾನು ಪೂರ್ತಿ ಹೇಳಿದೆನಪ್ಪ. ಅಮ್ಮ ಹೇಳಿದ್ದನ್ನೂ ಮಾಡಿದೆ” ಎಂದು ನಕ್ಕಳು.

ನವರಾತ್ರಿಯಲ್ಲಿ ಅವಳು ಅಲ್ಲಿ ಗೊಂಬೆ ಕೂರಿಸಿದ ಚಿತ್ರ ನಮಗೆ ಬಂದಿತು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ, ಅವಳ ಮದುವೆಯಲ್ಲಿ ಅಮ್ಮ ಕೊಟ್ಟಿದ್ದ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ, ಅಂಚಿನ ಸೀರೆ ಪೇಟಗಳಲ್ಲಿ ನಿಂತಿದ್ದುವು. ಸರಸ್ವತಿ ಪೂಜೆಯ ದಿನದ ಚಿತ್ರದಲ್ಲಿ ಮಣೆಯ ಮೇಲೆ ಪುಸ್ತಕಗಳನ್ನು ಜೋಡಿಸಿದ್ದಳು: ಮಕ್ಕಳ ಪಠ್ಯಗಳು, ತಾತ ಕೊಟ್ಟಿದ್ದ ಹಳೆಯ ಜೈಮಿನಿ ಭಾರತ, ಅದರ ಮೇಲೆ ನೀಲಿ ರಟ್ಟಿನ ಒಂದು ಚಿಕ್ಕ ಪುಸ್ತಕ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, “ಅದೇನೋ ಆ ನೀಲಿಯದು?” ಎಂದಳು.

ರದ್ದಾದ ಪಾಸ್‌ಪೋರ್ಟು. ಅದಕ್ಕೂ ಅರಿಸಿನ ಕುಂಕುಮ ಇಟ್ಟಿದ್ದಳು.